ದಡ ಬಂದರೂ ಏಳಬೇಡಿ

ಅಘನಾಶಿನಿ ಹೊಳೆಯಲ್ಲಿ ಜನರನ್ನು ದಾಟಿಸುವ ತಾರಿ ದೋಣಿ ನಡೆಸುತ್ತೇನೆ. ದಡ ತಾಗುವ ಮೊದಲೇ ಎಲ್ಲರೂ ಎದ್ದು ನಿಲ್ಲುವುದು ಇಲ್ಲಿಯ ರೂಢಿ. ಮೊನ್ನೆ ಒಬ್ಬಳು ತನ್ನ ತಾಯಿಯನ್ನು ಕರೆತಂದಿದ್ದಳು. ಅಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಹತ್ತುವಾಗಲೇ ಹೇಳಿದ್ದಳು. ದಡ ಕಂಡದ್ದೇ ಕೈ ಹಿಡಿದು ಎಬ್ಬಿಸಹೋದಳು.

"ತಂಗಿ, ಬೇಡ. ಫಕ್ಕನೆ ಎದ್ದರೆ ಬಿಪಿ ಇಳೀತದೆ, ಬೀಳ್ತಾರೆ."

"ಬಸ್ಸು ತಪ್ತದೆ ಮಾರಾಯ್ರೆ. ನೀವೆಂತ ಡಾಕ್ಟ್ರಾ?"

"ಅಲ್ಲ. ನನ್ನ ಹೆಂಡತಿಗೂ ಇದೇ ಕಾಯಿಲೆ. ಹಾಗೇ ಬಿದ್ದು ತೀರಿಹೋದಳು."

ಬಿದಿರ ಗಳ ಊರಿ ದೋಣಿಯನ್ನು ದಡಕ್ಕೆ ತಾಗಿಸದೆ ಆಚೆಯೇ ನಿಲ್ಲಿಸಿದೆ. ಜನ ಗೊಣಗಿದರು. ಅಮ್ಮ ಕೂತಲ್ಲೇ ಕಾಲು ಆಡಿಸಿದರು. ದೋಣಿ ದಡಕ್ಕೆ ತಾಗಿಸಿದ ಮೇಲೆ ನಿಧಾನಕ್ಕೆ ಎದ್ದರು. ಬೀಳಲಿಲ್ಲ.

"ಆತು, ಈಗ ಇಳಿಸು" ಎಂದು ಮಗಳಿಗೆ ಹೇಳಿದರು.

ಮಂಚದ ಅಂಚಿಗೆ ಕೂತ ಹೆಂಡತಿಗೆ "ಬೇಗ ಏಳೇ" ಎಂದು ದಿನಾ ಕೂಗುತ್ತಿದ್ದವನು ನಾನೇ. ಅದನ್ನು ಹೇಳಲಿಲ್ಲ. ಹೇಳಿದ್ದರೆ ನನ್ನ ಮಾತು ಯಾರು ಕೇಳುತ್ತಿದ್ದರು?