ಕುಂತ ಕಾರಿನ ದೊಡ್ಡ ಟೈರುಗಳು

ಹೊಸ ರಬ್ಬರಿನ ವಾಸನೆ ನಿಮಗೆ ಹೇಗೋ ತಿಳಿಯದು, ನನಗಂತೂ ಅದು ಮೂಗಿಗೆ ಬಿದ್ದ ಕೂಡಲೇ ನಮ್ಮ ಅತ್ತೆಯವರ ಇಳಕಲ್ ಸೀರೆಯ ಸೆರಗು ನೆನಪಾಗುತ್ತದೆ. ಎರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ಅವಸರ ಮಾಡಬೇಡಿ, ನನ್ನ ಮಾತಿನ ವೇಗ ಎತ್ತಿನ ಗಾಡಿಯದು.

ಮೊನ್ನೆ ಸೊಸೆಯ ಜೊತೆ ಹುಬ್ಬಳ್ಳಿಯಲ್ಲಿ ಒಂದು ಟೈರಿನ ಅಂಗಡಿಗೆ ಹೋಗಿದ್ದೆ. ಕಾರು ಅವಳದು, ನಡೆಸುವವಳೂ ಅವಳೇ. ನಾನು ರೂಢಿಯಂತೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಮುಂದೆ ಬನ್ನಿ ಎಂದು ಅವಳು ಎಷ್ಟೋ ಸಲ ಕರೆದಿದ್ದಾಳೆ. ಬಿಸಿಲು ಹೊಡೆಯುತ್ತದೆ, ಸೀಟಿನ ಪಟ್ಟಿ ಬಿಗಿಯುತ್ತದೆ ಎಂದು ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತ ಬಂದಿದ್ದೇನೆ. ರಸ್ತೆಯ ತಗ್ಗುಗಳಿಗೆ ಬೇಸತ್ತು, ಇದ್ದದ್ದಕ್ಕಿಂತ ಸ್ವಲ್ಪ ದೊಡ್ಡ ಟೈರು ಹಾಕಿಸಬೇಕೆಂದು ಅವಳ ಮನಸ್ಸಿನಲ್ಲಿತ್ತು. ಅಂಗಡಿಯವನು ಬಗ್ಗಿ, ಚಕ್ರದ ಮೇಲಿನ ಸಂದಿಯಲ್ಲಿ ಬೆರಳು ತೂರಿಸಿ ನೋಡಿ, “ಹಿಂದ ಯಾರ್ ಕುಂದರ್ತಾರ್ರೀ ಅಕ್ಕಾರ?” ಎಂದು ಕೇಳಿದ.

ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು, ನಾನು ಹೊಸ ಸೊಸೆಯಾಗಿದ್ದ ಕಾಲದಲ್ಲಿ, ಸವಣೂರಿನ ಮಿಸ್ತ್ರಿಯೊಬ್ಬ ನಮ್ಮ ಮಾವನವರಿಗೆ ಕೇಳಿದ್ದ. ಮಾವನವರು ಅದಕ್ಕೆ ಸರಿಯಾದ ಉತ್ತರ ಕೊಡಲಿಲ್ಲ. ನಾನೀಗ ಹೇಳಹೊರಟ ಸಂಗತಿ ಹುಟ್ಟಿದ್ದು ಆ ತಪ್ಪಿದ ಉತ್ತರದಿಂದ.

ನಮ್ಮ ಮಾವನವರದು ಹಾನಗಲ್ಲಿನಲ್ಲಿ ಭತ್ತದ ವ್ಯಾಪಾರ. ದೊಡ್ಡ ರುಮಾಲು, ಸಣ್ಣ ಮಾತು. ಮಹಾಯುದ್ಧ ಶುರುವಾಗುವ ಮುಂಚೆ ಯಾರೋ ಬಳಸಿ ಬಿಟ್ಟ ಕಾರೊಂದನ್ನು ಹುಬ್ಬಳ್ಳಿಯಿಂದ ತಂದಿದ್ದರು. ಕಾರು ಬಂತು, ಆದರೆ ಅತ್ತೆಯವರು ಅದರೊಳಗೆ ಹೋಗಲಾರದೆ ಹೋದರು. ಅವರದು ತೂಕದ ಮೈ, ಮೊಣಕಾಲು ಮಡಚುತ್ತಿರಲಿಲ್ಲ. ಕಾರಿನ ಮೆಟ್ಟಿಲು ಅವರ ಪಾಲಿಗೆ ಅಟ್ಟದಷ್ಟು ಎತ್ತರ. ಊಟದ ಮಣೆಯನ್ನು ತಂದು ಕೆಳಗಿಟ್ಟು, ಒಬ್ಬರು ಹಿಂದಿನಿಂದ ದೂಡಿ, ಇನ್ನೊಬ್ಬರು ಒಳಗಿನಿಂದ ಎಳೆದು ಹತ್ತಿಸಿದರಂತೆ. ಓಣಿಯ ಮಂದಿ ಕೆಲಸ ಬಿಟ್ಟು ನಿಂತು ನೋಡಿದರಂತೆ. ಭತ್ತದ ಚೀಲದ ಹಾಗೆ ನನ್ನನ್ನು ಇನ್ನೊಮ್ಮೆ ಹೇರಿಸಬೇಡಿ ಎಂದು ಅತ್ತೆ ಕೈ ಮುಗಿದರು. ಆಮೇಲೆ ಕಾರಿನ ಸುದ್ದಿಗೆ ಹೋಗಲಿಲ್ಲ.

ಮಾವನವರು ಒಂದು ದಿನ ಕಾರನ್ನು ಸವಣೂರಿಗೆ ಒಯ್ದರು. ಅಲ್ಲಿ ಖಾದರ ಮಿಸ್ತ್ರಿ ಎಂಬವನಿದ್ದ. ಅವನದು ಟಾಂಗಾ ಕಟ್ಟುವ ಮನೆತನ. ನವಾಬರ ಕಾಲದ ಟಾಂಗಾಗಳೆಲ್ಲ ತನ್ನ ಅಜ್ಜನ ಕೈಯಲ್ಲೇ ಆದವು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವ ಮನುಷ್ಯ. ಕಾರೂ ಒಂದು ಟಾಂಗಾವೇ, ಕುದುರೆ ಮಾತ್ರ ಒಳಗಿದೆ ಎಂಬುದು ಅವನ ಸಿದ್ಧಾಂತ. ಅಚ್ಚಿನ ಮೇಲೆ ಕೂತು ಕಾರನ್ನು ಹೊತ್ತಿದ್ದ ಕಮಾನು ಪಟ್ಟಿಗಳನ್ನು ಬಿಚ್ಚಿ, ಅಚ್ಚಿನ ಕೆಳಗೆ ಕಟ್ಟಿದ. ಇಡೀ ಕಾರು ನೆಲದ ಕಡೆಗೆ ಇಳಿಯಿತು. ಹೊಸ್ತಿಲು ದಾಟಿದಷ್ಟು ಸಲೀಸಾಗಿ ಅತ್ತೆ ಒಳಗೆ ಕಾಲಿಟ್ಟರು.

ಪೇಟೆಯ ಮಂದಿ ಅದಕ್ಕೆ ‘ಕುಂತ ಕಾರು’ ಎಂದು ಹೆಸರಿಟ್ಟರು. ಕಾರು ಯಾಕೆ ಕುಂತಿತು ಎಂದು ಕೇಳಿದವರಿಗೆಲ್ಲ ಮಾವನವರು, ಹಾಗಿದ್ದರೆ ಗಾಳಿಯ ಹೊಡೆತಕ್ಕೆ ಭದ್ರವಾಗಿರುತ್ತದೆ ಎಂದು ಹೇಳುತ್ತಿದ್ದರು. ಶಿಗ್ಗಾವಿಯ ಬಯಲಿನಲ್ಲಿ ಕಾರನ್ನು ಹಾರಿಸುವಂಥ ಗಾಳಿ ಎಂದು ಬೀಸಿತ್ತೋ ನಾ ಕಾಣೆ. ಹೆಂಡತಿಯ ಮೊಣಕಾಲಿಗಾಗಿ ಎಂದು ಮಾತ್ರ ಅವರ ಬಾಯಿಂದ ಬರಲಿಲ್ಲ. ಆ ಕಾಲದ ಗಂಡಸರಿಗೆ ಪ್ರೀತಿ ಇರಲಿಲ್ಲ ಎಂದು ನೀವು ತಿಳಿಯಬೇಡಿ. ಪ್ರೀತಿ ಇತ್ತು, ಅದಕ್ಕೊಂದು ನೆವ ಬೇಕಿತ್ತು.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಯುದ್ಧ ನಡೆದಿತ್ತು. ನನ್ನ ಯಜಮಾನರು ಓದಲು ಧಾರವಾಡದಲ್ಲಿದ್ದರು. ಡ್ರೈವರ್ ಪಲ್ಟಣ ಸೇರಿ ಹೋಗಿದ್ದರಿಂದ ಮಾವನವರೇ ಕಾರು ನಡೆಸುತ್ತಿದ್ದರು. ನಾವು ಹೆಂಗಸರು ಹಿಂದೆ. ಗಂಡನ ಪಕ್ಕದಲ್ಲಿ ಹೆಂಡತಿ ಮುಂದೆ ಕೂಡುವುದು ಆಗಿನ ಹಾನಗಲ್ಲಿನಲ್ಲಿ ಯಾರಿಗೂ ಹೊಳೆಯದ ಮಾತು. ಮುಂದಿನ ಸೀಟಿನಲ್ಲಿ ರೊಟ್ಟಿಯ ಬುಟ್ಟಿ ಕೂಡುತ್ತಿತ್ತು. ಹಿಂದಿನಿಂದ ನಮಗೆ ಎದುರಿಗೆ ಕಾಣುತ್ತಿದ್ದುದು ಮಾವನವರ ರುಮಾಲು ಮಾತ್ರ. ಹತ್ತಿಮತ್ತೂರಿನ ಹತ್ತಿ ಹೊಲಗಳನ್ನೂ ನಾನು ಮೊದಲು ನೋಡಿದ್ದು ಆ ರುಮಾಲಿನ ಆಚೆ ಈಚೆಯಿಂದಲೇ.

ಆಮೇಲೆ ಟೈರು ಸವೆದವು. ಹಿಂದಿನವೆರಡೂ ಒಳಗಿನ ದಾರ ಕಾಣುವಷ್ಟು ತೆಳ್ಳಗಾದವು. ಯುದ್ಧದ ದಿನಗಳಲ್ಲಿ ಟೈರು ಸಿಗುವುದೆಂದರೆ ಏನೆಂದು ಆ ಕಾಲ ಕಂಡವರಿಗೇ ಗೊತ್ತು. ಕಾರು ಇಟ್ಟಿಗೆಯ ಮೇಲೆ ನಿಂತಿತು, ಅತ್ತೆ ಪಡಸಾಲೆಯಲ್ಲಿ ಕೂತರು. ಎತ್ತಿನ ಗಾಡಿ ಹತ್ತುವಂತಿರಲಿಲ್ಲ, ಓಣಿಯ ತುದಿಯತನಕ ನಡೆಯುವಂತಿರಲಿಲ್ಲ. ಅಷ್ಟರಲ್ಲಿ ಹಂಸಭಾವಿಯಿಂದ ಸುದ್ದಿ ಬಂತು. ಅಲ್ಲಿದ್ದ ಅವರ ಅಕ್ಕ ಹಾಸಿಗೆ ಹಿಡಿದಿದ್ದರು. ತಾಯಿ ಸತ್ತ ಮೇಲೆ ಅತ್ತೆಯವರನ್ನು ಎತ್ತಿ ಆಡಿಸಿ ಬೆಳೆಸಿದವರು ಆ ಅಕ್ಕ. ಒಮ್ಮೆ ಮುಖ ನೋಡಬೇಕು ಎಂದು ಹೇಳಿ ಕಳಿಸಿದ್ದರು. ಅತ್ತೆ ಆ ದಿನದಿಂದ ಊಟಕ್ಕೆ ಕೂತರೂ ರೊಟ್ಟಿ ಮುರಿಯುವುದನ್ನು ಮರೆತು ಕೂಡುತ್ತಿದ್ದರು. 

ಮಾವನವರು ಎಲ್ಲೆಲ್ಲೋ ಓಡಾಡಿ ಎರಡು ಟೈರು ತಂದರು. ಚಕ್ರಕ್ಕೆ ಕೂಡುವಂಥವೇ, ಆದರೆ ಮೈ ದಪ್ಪ, ಎತ್ತರ ಹೆಚ್ಚು. ಸವೆದ ಟೈರುಗಳ ಮೇಲೆಯೇ ಕಾರನ್ನು ಹೇಗೋ ಸವಣೂರಿಗೆ ಮುಟ್ಟಿಸಿದರು. ಖಾದರ ಮಿಸ್ತ್ರಿ ಅವನ್ನು ಹಿಂದಿನ ಚಕ್ರಗಳಿಗೆ ಏರಿಸಿದ. ಕಾರು ಮೊದಲೇ ಕುಂತದ್ದು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಹೋಗುವಷ್ಟೇ ಸಂದಿ ಉಳಿಯಿತು. ಆಗ ಅವನು ಆ ಪ್ರಶ್ನೆ ಕೇಳಿದ್ದು: ಸಾವ್ಕಾರ್ರ, ಹಿಂದ ಎಷ್ಟ ವಜ್ಜಾ ಬೀಳತೈತ್ರಿ?

ಈಗ ನೀವೇ ಹೇಳಿ, ಮರ್ಯಾದಸ್ಥ ಗೃಹಸ್ಥನೊಬ್ಬ ಪರ ಗಂಡಸಿನ ಮುಂದೆ ತನ್ನ ಹೆಂಡತಿಯ ತೂಕ ಹೇಗೆ ಹೇಳಿಯಾನು? ಮಿಸ್ತ್ರಿಗೂ ಇನ್ನೊಮ್ಮೆ ಕೇಳಲು ಸಂಕೋಚ. ಏನಾದರೂ ಒಂದು ಚೀಲ ಇಟ್ಟು ನೋಡು ಎಂದರಂತೆ ಮಾವನವರು. ಪಕ್ಕದ ಅಂಗಡಿಯ ಮುಂದೆ ಬ್ಯಾಡಗಿ ಮೆಣಸಿನಕಾಯಿಯ ಚೀಲವಿತ್ತು. ನೋಡಲು ಆನೆಮರಿ, ಎತ್ತಿದರೆ ಹಗುರ. ಅದನ್ನೇ ಹಿಂದೆ ಕೂಡಿಸಿ, ಸವಣೂರನ್ನು ಒಂದು ಸುತ್ತು ಹಾಕಿ, ಎಲ್ಲ ಸರಿಯಾಗಿದೆ ಎಂದು ಇಬ್ಬರೂ ಎಲೆ ಅಡಿಕೆ ಹಾಕಿಕೊಂಡರು. ಹೀಗೆ ನಮ್ಮ ಅತ್ತೆಯವರ ಬದಲಿಗೆ ಒಂದು ಮೆಣಸಿನಕಾಯಿ ಚೀಲ ತೂಗಿಹೋಯಿತು.

ನಾವು ಹಂಸಭಾವಿಗೆ ಹೊರಟದ್ದು ಹಾನಗಲ್ಲಿನ ಸಂತೆಯ ದಿನ ಬೆಳಿಗ್ಗೆ. ಊರು ದಾಟಿ ಕೆರೆಯ ಏರಿಯ ಹತ್ತಿರ ಬರುತ್ತಲೇ ಗರಗರ ಸದ್ದಾಯಿತು, ರಬ್ಬರು ಸುಟ್ಟ ವಾಸನೆ ಮೂಗಿಗೆ ಅಡರಿತು. ಮಾವನವರು ಇಳಿದು ನೋಡಿದರು. ಮಡ್‌ಗಾರ್ಡು ಟೈರಿನ ಮೇಲೆ ಕೂತಿತ್ತು. ಮೊದಲು ನನ್ನನ್ನು ಇಳಿಸಿ ನೋಡಿದರು. ಕಾರು ಕೂದಲೆಳೆಯಷ್ಟೂ ಏಳಲಿಲ್ಲ. ಆ ಮನೆಯಲ್ಲಿ ನಾನು ಲೆಕ್ಕಕ್ಕಿಲ್ಲ ಎಂಬ ನನ್ನ ಬಹುದಿನದ ಗುಮಾನಿಗೆ ಅಂದು ಆಧಾರ ಸಿಕ್ಕಿತು.

ಅತ್ತೆಗೆ ಎಲ್ಲ ಅರ್ಥವಾಗಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಮೆಲ್ಲಗೆ, “ನನ್ನ ಮನಿಗೆ ಬಿಟ್ಟ ಬರ್ರಿ. ನೀವು ಹೋಗಿ ಅಕ್ಕನ ನೋಡ್ಕೊಂಡ ಬರ್ರಿ. ನಾ ಬಂದಂಗ ಆತು,” ಎಂದರು.

ಮಾವನವರು ರಸ್ತೆಯ ಕಡೆ ನೋಡಿದರು. ಎದುರಿನಿಂದ ಸಂತೆಯ ಗಾಡಿಗಳು ಸಾಲುಸಾಲಾಗಿ ಬರುತ್ತಿದ್ದವು. ಎಲ್ಲ ಗುರುತಿನವರೇ, ಎಲ್ಲ ಭತ್ತ ಹಾಕುವವರೇ. ಅವರು ರುಮಾಲು ತೆಗೆದು ಮತ್ತೆ ಇಟ್ಟುಕೊಂಡರು. ಮುಂದಿನ ಸೀಟಿನ ರೊಟ್ಟಿ ಬುಟ್ಟಿಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, ಮುಂದಿನ ಬಾಗಿಲು ತೆರೆದು ನಿಂತರು.

“ಮುಂದ ಬಾ.”

“ಮಂದಿ ನೋಡತಾರ್ರಿ.”

“ಟೈರು ಉಜ್ಜತಾವ. ಮಂದಿಗೆ ನಾ ಹೇಳತೇನಿ.”

ಅತ್ತೆ ಮುಂದೆ ಬಂದು ಕೂತರು. ಹಿಂದಿನ ಭಾಗ ಹಗುರಾಗಿ ಎದ್ದಿತು, ಸದ್ದು ನಿಂತಿತು. ಅಲ್ಲಿಂದ ಮುಂದೆ ಎದುರಾದ ಪ್ರತಿ ಗಾಡಿಗೂ ಮಾವನವರು ಕತ್ತು ಹೊರಗೆ ಚಾಚಿ, ಹಿಂದೆ ಟೈರು ಉಜ್ಜುತ್ತಿವೆ ಎಂದು ತಾವಾಗಿಯೇ ಸಾರುತ್ತ ಹೋದರು. ಯಾರೂ ಕೇಳಿರಲಿಲ್ಲ. ನಾನು ಬುಟ್ಟಿಯ ಹಿಂದೆ ಮುಖ ಮುಚ್ಚಿಕೊಂಡು ನಗು ನುಂಗಿದೆ. ನಡುವೆ ಯಾವಾಗಲೋ ತಲೆಯೆತ್ತಿ ನೋಡಿದರೆ ಅತ್ತೆಯವರ ಸೆರಗು ಗಾಳಿಗೆ ಜಾರಿ ಹೆಗಲಿಗೆ ಬಂದಿತ್ತು. ಅವರಿಗೆ ಅದರ ಎಚ್ಚರವೇ ಇರಲಿಲ್ಲ. ಮಾವನವರೂ ಹೇಳಲಿಲ್ಲ.

ಹಂಸಭಾವಿಯಲ್ಲಿ ಅಕ್ಕ ತಂಗಿಯ ಕೈ ಹಿಡಿದುಕೊಂಡರು. ಆಮೇಲೆ ದಾರಿ ಸುಖವಾಗಿತ್ತೇ ಎಂದು ಕ್ಷೀಣವಾಗಿ ಕೇಳಿದರು. ನಾನು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅತ್ತೆ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ಅಕ್ಕಾ, ದಾರಿ ಬರೂದನ್ನ ಇವತ್ತ ನೋಡಿದ್ನಿ. ಇಷ್ಟ ದಿನಾ ಬರೇ ಹೋಗೂದನ್ನ ನೋಡತಿದ್ನಿ.” ಅಕ್ಕನಿಗೆ ತಿಳಿಯಿತೋ ಇಲ್ಲವೋ, ತಂಗಿಯ ಕೆನ್ನೆ ಸವರಿದರು. ಆ ಮಳೆಗಾಲ ಮುಗಿಯುವ ಮುನ್ನ ಅವರು ತೀರಿಕೊಂಡರು.

ಖಾದರ ಮಿಸ್ತ್ರಿ ವಿಷಯ ತಿಳಿದು ಬಹಳ ನೊಂದ. ಮಡ್‌ಗಾರ್ಡಿನ ಅಂಚು ಸ್ವಲ್ಪ ಕತ್ತರಿಸಿದರೆ ತೊಂದರೆಯೇ ಇರುವುದಿಲ್ಲ, ಕಾರು ಕಳಿಸಿ ಎಂದು ಹೇಳಿ ಕಳಿಸಿದ. ಮಾವನವರು ನೋಡೋಣ ಎಂದರು. ಯುದ್ಧ ಮುಗಿಯುವವರೆಗೂ ನೋಡುತ್ತಲೇ ಇದ್ದರು.

ಕೊನೆಗೆ ಸರಿಯಾದ ಅಳತೆಯ ಟೈರು ಬಂದವು. ಮೊದಲ ದಿನ ಹೊರಟಾಗ ಅತ್ತೆ ಕಾರಿನ ಹತ್ತಿರ ಬಂದು ನಿಂತರು. ಹೊಸ ಟೈರುಗಳನ್ನು ನೋಡಿದರು. ಹಿಂದಿನ ಬಾಗಿಲಿಗೆ ಕೈ ಹಾಕಿದರು. ಮಾವನವರು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು, ಎದುರಿಗೇ ನೋಡುತ್ತ ಹೇಳಿದರು:

“ಇವೂ ಉಜ್ಜತಾವ. ಮುಂದ ಬಾ.”

ಹೊಸ ರಬ್ಬರಿನ ವಾಸನೆ ಅಂಗಳದ ತುಂಬ ಇತ್ತು. ನಾನು ಆಗ ಚಿಕ್ಕವಳು. ನನಗೂ ಯಾರಾದರೂ ಹೀಗೊಂದು ಸುಳ್ಳು ಹೇಳಲಿ ಎಂದು ಅಂದು ಆಸೆಯಾಗಿತ್ತು. ನನ್ನ ಯಜಮಾನರು ಒಳ್ಳೆಯವರೇ, ಆದರೆ ಬದುಕಿನುದ್ದಕ್ಕೂ ಬಸ್ಸಿನಲ್ಲಿ ಓಡಾಡಿದವರು. ಅವರಿಗೆ ಆ ಸಂದರ್ಭ ಬರಲಿಲ್ಲ.

ಹುಬ್ಬಳ್ಳಿಯ ಅಂಗಡಿಯವನಿಗೆ ಸೊಸೆ ನಕ್ಕು, ಹಿಂದೆ ನಮ್ಮ ಅತ್ತೆ ಒಬ್ಬರೇ, ಅವರ ತೂಕ ಏನು ಮಹಾ ಎಂದಳು. ಆ ದೊಡ್ಡ ಟೈರುಗಳನ್ನೇ ಹಾಕಿದರು. ಎಲ್ಲೂ ತಗಲಲಿಲ್ಲ. ಅವಳು ಕಾರು ಚಾಲೂ ಮಾಡಿ ಕಾಯುತ್ತಿದ್ದಳು. ನಾನು ಹಿಂದಿನ ಬಾಗಿಲಿಗೆ ಹಾಕಿದ ಕೈಯನ್ನು ತೆಗೆದು, ಮುಂದಿನದನ್ನು ತೆರೆದು ಅವಳ ಪಕ್ಕದಲ್ಲಿ ಕೂತೆ.

“ಯಾಕ್ರೀ ಅತ್ತಿ, ಇವತ್ತ ಮುಂದ ಬಂದ್ರಿ?”

“ಹಿಂದ ಟೈರು ಉಜ್ಜತಾವವಾ,” ಎಂದೆ.

ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಪಟ್ಟಿಯನ್ನು ನನಗೆ ಬಿಗಿಯಾಗದಂತೆ ಸಡಿಲಿಸಿ ಕಟ್ಟಿದಳು. ಶಿಗ್ಗಾವಿ ದಾಟುವವರೆಗೂ ನಾನು ದಾರಿ ಬರುವುದನ್ನು ನೋಡುತ್ತಿದ್ದೆ.