ಕುರ್ಚಿಯೊಳಗಿನ ಕೆಜಾಯಾ

ಬೆಳಕು ಹರಿಯುವ ಮೊದಲೇ ಕೆಜಾಯಾ ಹಾವರ್ತ್ ಏಣಿ ಹತ್ತಿದ್ದಾರೆ. ಕೈಯಲ್ಲಿ ಬಕೆಟ್ಟು, ಹೆಗಲ ಮೇಲೆ ಹಳೇ ಚಿಂದಿ. ಇಂಗ್ಲೆಂಡಿನ ನಮ್ಮ ಗಿರಣಿ ಊರು ಬರ್ನ್ಲಿಯಲ್ಲಿ ಜೋನಸ್ ಮಿಡ್ಗ್ಲಿಯವರ ಫೋಟೋ ಸ್ಟುಡಿಯೋಗೆ ಗಾಜಿನದೇ ಮಾಡು. ಗಿರಣಿ ಚಿಮಣಿಗಳೆಲ್ಲ ಸೇರಿ ಅದಕ್ಕೆ ಬಳಿಯುವ ಮಸಿಯನ್ನು ಈಕೆ ಸೋಡಾ ನೀರಿನಲ್ಲಿ ತಿಕ್ಕಿ ತೆಗೆಯದಿದ್ದರೆ ಒಳಗೆ ಬೆಳಕಿಲ್ಲ, ಬೆಳಕಿಲ್ಲದಿದ್ದರೆ ಚಿತ್ರವೂ ಇಲ್ಲ. ಈ ವಾರ ಮಾತ್ರ ಕೆಲಸ ಹಗುರ. ಗಿರಣಿಗಳಿಗೆ ವರ್ಷಕ್ಕೊಮ್ಮೆ ಬರುವ ರಜೆ, ಹೊಗೆಯಿಲ್ಲದೆ ಆಕಾಶ ಕಾಣುತ್ತಿದೆ. ಇವತ್ತೇ ಕೊನೆ. ನಾಳೆ ಬೆಳಿಗ್ಗೆ ಮತ್ತೆ ಕುಲುಮೆಗಳು ಹೊತ್ತುತ್ತವೆ.

ಗಾಜು ಒರೆಸುವುದು ಕೆಜಾಯಾರ ಅಸಲಿ ಕೆಲಸವಲ್ಲ. ಅಸಲಿ ಕೆಲಸ ಕುರ್ಚಿಯಾಗುವುದು. ನಗಬೇಡಿ. ಕ್ಯಾಮೆರಾದ ಮುಚ್ಚಳ ತೆಗೆದು ಮತ್ತೆ ಹಾಕುವವರೆಗೆ ಅಲ್ಲಾಡಿದರೆ ಚಿತ್ರ ಕಲಸಿಹೋಗುತ್ತದೆ. ದೊಡ್ಡವರು ಕತ್ತಿನ ಹಿಂದೆ ಕಬ್ಬಿಣದ ಕವೆ ಆನಿಸಿಕೊಂಡು ಹೇಗೋ ನಿಂತಾರು, ಮಕ್ಕಳಿಗೆ ಯಾರು ಹೇಳಬೇಕು? ಅದಕ್ಕೇ ಕೆಜಾಯಾ ತಲೆಯಿಂದ ಪಾದದವರೆಗೆ ಹೂವಿನ ಪರದೆ ಹೊದ್ದು ಕೂರುತ್ತಾರೆ, ಮಗು ಅವರ ತೊಡೆಯ ಮೇಲೆ ಕೂರುತ್ತದೆ. ಬಟ್ಟೆಯೊಳಗಿನಿಂದ ಎರಡು ಕೈ ಅದರ ಸೊಂಟ ಹಿಡಿದಿರುತ್ತವೆ. ಚಿತ್ರದಲ್ಲಿ ಬರುವುದು ಮಗು, ಮತ್ತು ಒಂದು ದಪ್ಪ ಕುರ್ಚಿ. ನಮ್ಮೂರಿನ ಅರ್ಧ ಮನೆಗಳ ಗೋಡೆಯ ಮೇಲೆ ಈ ಹೆಂಗಸು ಇದ್ದಾರೆ, ಒಬ್ಬರ ಕಣ್ಣಿಗೂ ಬಿದ್ದಿಲ್ಲ.

"ಒಂದ್ಸಲ ನಗರಸಭೆ ದೊಡ್ಡಮನುಷ್ಯರು ಬಂದು ನನ್ನ ತಲೆಗೆ ಟೋಪಿ ನೇತುಹಾಕಿಬಿಟ್ರು," ಎನ್ನುತ್ತಾರೆ ಕೆಜಾಯಾ. "ನಾನು ಅಲ್ಲಾಡ್ಲಿಲ್ಲ. ಕುರ್ಚಿ ಮಾತಾಡಿದ್ರೆ ಪಾಪ ಎದೆ ಒಡ್ಕೊಂಡಿರೋರು."

ಒಂಬತ್ತನೇ ವಯಸ್ಸಿಗೇ ಗಿರಣಿಯ ಮಗ್ಗಕ್ಕೆ ಸೇರಿದವರು ಇವರು. ಗಂಡ ಬೇಗ ತೀರಿಕೊಂಡ. ನಲವತ್ತರ ಹೊತ್ತಿಗೆ ಮಗ್ಗಗಳ ಅಬ್ಬರಕ್ಕೆ ಕಿವಿಯೂ ಹೋಯಿತು. ನೆಲ ಒರೆಸಲು ಸ್ಟುಡಿಯೋಗೆ ಬಂದರು. ಆಗೆಲ್ಲ ಪರದೆಯೊಳಗೆ ಕೂತು ಮಗು ಹಿಡಿಯುತ್ತಿದ್ದವಳು ಹೆತ್ತವಳೇ. ಆದರೆ ನಮ್ಮೂರ ತಾಯಂದಿರು ಮಗ್ಗದವರು. ನಿಂತರೂ ಕೂತರೂ ಮೈ ಮಗ್ಗದ ತಾಳಕ್ಕೆ ತೂಗುತ್ತಲೇ ಇರುತ್ತದೆ, ಅವರಿಗೇ ಗೊತ್ತಾಗುವುದಿಲ್ಲ. ಚಿತ್ರದಲ್ಲಿ ಮಕ್ಕಳಿಗೆ ಎರಡೆರಡು ಮೂಗು ಮೂಡುತ್ತಿದ್ದವು. ಬೇಸತ್ತ ಮಿಡ್ಗ್ಲಿ ಒಂದು ದಿನ ಕೆಜಾಯಾರನ್ನೇ ಕರೆದು ಕೂರಿಸಿದರು. ಇವರೂ ತೂಗಿದರು! ಕೆಲಸ ಬಿಡದೆ ಮನೆಯಲ್ಲಿ ಅಭ್ಯಾಸಕ್ಕೆ ಕೂತರು.

"ತುಂಬಿದ ಬೋಗುಣಿ ತೊಡೆ ಮೇಲೆ ಇಟ್ಕೊಂಡು ಕೂರ್ತಿದ್ದೆ. ಲಂಗ ಒದ್ದೆ ಆಗ್ದೆ ಏಳೋದು ಕಲಿಯೋಕೆ ಒಂದು ಚಳಿಗಾಲ ಪೂರ್ತಿ ಹಿಡೀತು."

ಕೆಜಾಯಾರಿಗೆ ಕಿವಿ ಕೇಳದ್ದರಿಂದ ಮಿಡ್ಗ್ಲಿ ಹಲಗೆಯ ನೆಲವನ್ನು ಕಾಲಿನಿಂದ ಗುದ್ದುತ್ತಾರೆ, ಶುರುವಿಗೊಮ್ಮೆ, ಮುಗಿದಾಗೊಮ್ಮೆ. ಆ ಅದುರು ಕೆಜಾಯಾರ ಪಾದಕ್ಕೆ ತಿಳಿಯುತ್ತದೆ. ಕೆಲವು ಕಡೆ ಮಗುವಿಗೆ ಅಫೀಮಿನ ಪಾಕ ಒಂದು ಚಮಚ ಕುಡಿಸಿ ಮಲಗಿಸಿ ಚಿತ್ರ ತೆಗೆಯುವುದುಂಟು. ಇಲ್ಲಿ ಅದು ನಡೆಯದು, ಕೆಜಾಯಾ ಬಿಡುವುದಿಲ್ಲ. ತೀರಿಕೊಂಡ ಕೂಸುಗಳನ್ನೂ ಇದೇ ಸ್ಟುಡಿಯೋಗೆ ತರುತ್ತಾರೆ, ಚಿತ್ರದಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ಆಮೇಲೆ ಕಣ್ಣು ಬರೆಯುತ್ತಾರೆ. ಮಲಗಿದ ಮಗು, ಹೋದ ಮಗು, ಚಿತ್ರ ಮೂಡುವ ಗಾಜಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ ಎನ್ನುವುದು ಕೆಜಾಯಾರ ಮಾತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಟ್ಯಾಬಿತಾ ಪಿಲ್ಲಿಂಗ್ ಎಂಬ ಮಗ್ಗದ ಹೆಂಗಸು ಮೂರು ವರ್ಷದ ಮಗಳು ಎಫಿಯನ್ನು ಎತ್ತಿಕೊಂಡು ಬರುತ್ತಾಳೆ. ಹತ್ತಿಯ ಧೂಳಿಗೆ ಮಗುವಿಗೆ ಕೆಮ್ಮು ಅಂಟಿಕೊಂಡಿದೆ. ಕಡಲ ಗಾಳಿಗೆ ಕಳಿಸದಿದ್ದರೆ ಉಳಿಯುವುದಿಲ್ಲ ಎಂದಿದ್ದಾರೆ ವೈದ್ಯರು. ನಾಳೆ ಬೆಳಗಿನ ರೈಲಿಗೆ ಸೋದರತ್ತೆ ಬಂದು ಕಡಲ ದಂಡೆಯ ಬ್ಲ್ಯಾಕ್‌ಪೂಲಿಗೆ ಕರೆದೊಯ್ಯುತ್ತಾಳೆ, ತಾಯಿ ಮಗ್ಗಕ್ಕೆ ಹೋಗುತ್ತಾಳೆ. ಮತ್ತೆ ಸೇರುವುದು ಯಾವಾಗಲೋ, ದೇವರಿಗೇ ಗೊತ್ತು. ಟ್ಯಾಬಿತಾ ಕೇಳುವುದು ಒಂದೇ: ಮಗಳು ಕಣ್ಣು ತೆರೆದಿರುವ ಚಿತ್ರ.

ಉಸಿರೆತ್ತಕೂಡದು ಎಂದು ಮಿಡ್ಗ್ಲಿ ಎಲ್ಲರಿಗೂ ಹೇಳಿ ನೆಲ ಗುದ್ದುತ್ತಾರೆ. ಪಿಟ್ಟೆನ್ನುವ ಸದ್ದಿಲ್ಲ. ಆದರೂ ಎಫಿ ಎರಡೂ ಕೈ ಚಾಚಿ ಎಗರುತ್ತಾಳೆ. ಗಾಜಿನ ಮೇಲೆ ಮುಖದ ಜಾಗದಲ್ಲಿ ಬರೀ ಮಂಜು. ಮಿಡ್ಗ್ಲಿಗೆ ತಲೆಬುಡ ತಿಳಿಯುವುದಿಲ್ಲ. ಪರದೆ ಸರಿಸಿ ಹೊರಬಂದ ಕೆಜಾಯಾ ಟ್ಯಾಬಿತಾಳ ಮುಖ ನೋಡಿದ್ದೇ ನಗುತ್ತಾರೆ. ಮಗ್ಗದ ಗದ್ದಲದಲ್ಲಿ ಮಾತು ಕೇಳಿಸದು, ನಮ್ಮ ಹೆಂಗಸರೆಲ್ಲ ಬರೀ ತುಟಿಯಲ್ಲೇ ಮಾತಾಡುವವರು, ಮನೆಗೆ ಬಂದರೂ ಅದೇ. ಟ್ಯಾಬಿತಾ ಸದ್ದು ಮಾಡಿರಲಿಲ್ಲ ನಿಜ, ಆದರೆ ಅಮ್ಮ ಇಲ್ಲೇ ಇದೀನಿ ಬಾ ಎಂದು ತುಟಿಯಲ್ಲಿ ಕರೆದುಬಿಟ್ಟಿದ್ದಳು. ಈಗ ಅವಳ ಕಣ್ಣಲ್ಲಿ ನೀರು. ಸೂರ್ಯ ಆಗಲೇ ಗಿರಣಿಯ ಗೋಡೆ ಮುಟ್ಟಿದ್ದಾನೆ, ಬೆಳಕು ಇನ್ನೊಂದೇ ಗಾಜಿಗೆ ಸಾಕು.

ಕೆಜಾಯಾ ತುಟಿಯಲ್ಲೇ ಅವಳಿಗೆ ಏನೋ ಹೇಳುತ್ತಾರೆ. ಮೂಲೆಯಲ್ಲಿ ನಿಂತು ನೋಡುತ್ತಿರುವ ನಾನೂ ಮಗ್ಗದವಳ ಮಗ, ನನಗೂ ತಿಳಿಯುತ್ತದೆ. "ಕರೀಬೇಡ ತಾಯಿ. ಕತೆ ಹೇಳು, ನಿಧಾನವಾಗಿ. ಕೊನೆ ಮಾತ್ರ ಹೇಳ್ಬೇಡ."

ನೆಲ ಮತ್ತೆ ಅದುರುತ್ತದೆ. ಕ್ಯಾಮೆರಾದ ಪಕ್ಕದಲ್ಲಿ ನಿಂತ ಟ್ಯಾಬಿತಾ ಹಾಲು ಕದ್ದ ಬೆಕ್ಕಿನ ಕತೆಯನ್ನು ಸದ್ದಿಲ್ಲದೆ ಹೇಳುತ್ತಾಳೆ. ಎಫಿ ಕಣ್ಣರಳಿಸಿಕೊಂಡು, ಮುಂದಕ್ಕೆ ವಾಲಿ, ತಾಯಿಯ ತುಟಿಯನ್ನೇ ಅಲ್ಲಾಡದೆ ನೋಡುತ್ತಾಳೆ. ಬೆಕ್ಕು ಸಿಕ್ಕಿಬಿದ್ದಿತೋ ಇಲ್ಲವೋ ತಿಳಿಯುವ ಮೊದಲೇ ಮುಚ್ಚಳ ಬೀಳುತ್ತದೆ.

ಮಿಡ್ಗ್ಲಿ ಗಾಜು ತೊಳೆದು, ಚಿತ್ರ ಕಾಣುವಂತೆ ಕೆಳಗೆ ಕಪ್ಪು ಬಟ್ಟೆ ಹಿಡಿದು ತೋರಿಸುತ್ತಾರೆ. ಎಫಿ ಇದ್ದಾಳೆ, ರೆಪ್ಪೆಗೂದಲು ಸಮೇತ. ಆದರೆ ಕೆಜಾಯಾರ ಮುಖ ಕೆಂಪಗಾಗುತ್ತದೆ. ವಾಲಿದ ಮಗು ಬೀಳದಿರಲೆಂದು ಹಿಡಿತ ಬಿಗಿಮಾಡುವಾಗ ಅವರ ಒಂದು ಕೈ ಪರದೆಯ ಮಡಿಕೆಯಿಂದ ಆಚೆ ಬಂದಿದೆ. ಸೋಡಾದಿಂದ ಬಿರಿದ ಬೆರಳುಗಳು, ಕುರ್ಚಿಗೆ ಇರಬಾರದ ಬೆರಳುಗಳು. ಇಷ್ಟು ವರ್ಷದಲ್ಲಿ ಹೀಗಾದದ್ದೇ ಇಲ್ಲ. ಅದನ್ನು ಕೆರೆದು ತೆಗೆಯಿರಿ ಎಂದು ಅವರು ಹಟ ಹಿಡಿಯುತ್ತಾರೆ, ಮಿಡ್ಗ್ಲಿ ಚೂರಿ ಎತ್ತಿಕೊಳ್ಳುತ್ತಾರೆ.

ಟ್ಯಾಬಿತಾ ಗಾಜಿಗೆ ಅಂಗೈ ಅಡ್ಡ ಹಿಡಿಯುತ್ತಾಳೆ. ಕೆಜಾಯಾರತ್ತ ತಿರುಗಿ ತುಟಿಯಲ್ಲಿ ಹೇಳುತ್ತಾಳೆ: "ಬೇಡಮ್ಮ. ನಾಳೆಯಿಂದ ಇವಳು ನನ್ನ ಕೈಲಿರಲ್ಲ. ಯಾರೋ ಹಿಡ್ಕೊಂಡಿದಾರೆ ಅಂತ ಕಾಣ್ಲಿ ನಂಗೆ."

ಕೆಜಾಯಾ ಬಗ್ಗಿ ತಮ್ಮ ಕೈಯ ಚಿತ್ರವನ್ನು ನೋಡುತ್ತಾರೆ. ಆಮೇಲೆ ಗಾಜಿನ ಅಂಚನ್ನು ಏಪ್ರನ್ನಿನಿಂದ ಒರೆಸಿ ಟ್ಯಾಬಿತಾಳ ಕೈಗೆ ಕೊಡುತ್ತಾರೆ.

"ಹಾಗಾದ್ರೆ ಇರ್ಲಿ ಬಿಡು," ಎನ್ನುತ್ತಾರೆ, ಗಟ್ಟಿ ದನಿಯಲ್ಲೇ. "ನೋಡು, ಭದ್ರವಾಗೇ ಹಿಡ್ಕೊಂಡಿದೀನಿ."