ಕಾಡಿ ಬೆರೆಸಿದ ಮ್ಯಾಕರೋನಿ

ನನ್ನ ಬಗ್ಗೆ ನನಗೆ ಮೊದಲಿನಿಂದಲೂ ಬಹಳ ಒಳ್ಳೆಯ ಅಭಿಪ್ರಾಯ. ಮದುವೆಯಾಗಿ ಬೂದಿಕೋಟೆ ಬಿಟ್ಟು ಕೋರಮಂಡಲ್‌ನ ಚಿನ್ನದ ಗಣಿ ಕ್ವಾರ್ಟರ್ಸಿಗೆ ಬಂದ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ಗಂಡ ಗಣಿಯ ಉಗ್ರಾಣದಲ್ಲಿ ಗುಮಾಸ್ತ. ಮನೆಯಲ್ಲಿ ಕರೆಂಟು ದೀಪ, ಬೀದಿಯಲ್ಲಿ ನಲ್ಲಿ. ನನಗೆ ಹೊಲಿಗೆ ಬರುತ್ತಿತ್ತು. ಅದರ ಜೊತೆಗೆ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತವೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಕನ್ನಡ, ತೆಲುಗಿನ ಮಾತು ನಿಜ. ತಮಿಳು ಮಾತ್ರ ನಲ್ಲಿಯ ಮುಂದೆ ಕೊಡ ಇಟ್ಟು ಜಗಳ ಆಡುವಷ್ಟು ಬರುತ್ತಿತ್ತು. ಅಷ್ಟು ಬಂದರೆ ಪೂರ್ತಿ ಬಂದಂತೆಯೇ ಎಂದು ನಾನು ತಿಳಿದುಕೊಂಡಿದ್ದೆ.

ಇದು ಐವತ್ತರ ದಶಕದ ಕೊನೆಯ ಮಾತು. ಗಣಿಯ ಬಿಳಿಯರಲ್ಲಿ ಬಹಳಷ್ಟು ಮಂದಿ ಗಂಟುಮೂಟೆ ಕಟ್ಟುತ್ತಿದ್ದರು. ಉಳಿದವರಲ್ಲಿ ಇಟಲಿ ಕಡೆಯ ಒಂದು ಸಂಸಾರವಿತ್ತು. ಆ ದೊರೆಸಾನಿಯ ಕಿಟಕಿ ಪರದೆಗಳನ್ನು ಹೊಲಿಯಲು ಮಾರ್ಚ್‌ನಲ್ಲಿ ಒಂದು ವಾರ ಅವರ ಬಂಗಲೆಯ ಹಿಂದಿನ ವರಾಂಡದಲ್ಲಿ ಕೂತಿದ್ದೆ. ಎದುರಿಗೇ ಅಡುಗೆಮನೆ. ಅಲ್ಲಿ ಅಡುಗೆ ಮಾಡುತ್ತಿದ್ದವರು ಒಬ್ಬ ತಮಿಳು ಮುದುಕರು, ಎಲ್ಲರೂ ಅವರನ್ನು ಬಟ್ಲರ್ ತಾತ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ದೊರೆಸಾನಿ ಒಂದು ಪಿಂಗಾಣಿ ಬಟ್ಟಲಲ್ಲಿ ಏನನ್ನೋ ತಂದು ನನ್ನ ಕೈಗೆ ಕೊಟ್ಟರು. ನೋಡಿದರೆ ಶಾವಿಗೆಯ ದೊಡ್ಡಪ್ಪನಂತಹ ಕೊಳವೆಗಳು. ನಡುವೆ ಟೊಮೇಟೊ, ಸೌತೆಕಾಯಿ, ಈರುಳ್ಳಿ. ಬಟ್ಟಲು ಮುಟ್ಟಿದರೆ ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಹೊರಗೆ ನೆಲಕ್ಕೆ ಕಾಲಿಡಲಾಗದ ಬಿಸಿಲು. ಒಂದು ಚಮಚ ಬಾಯಿಗಿಟ್ಟೆ ನೋಡಿ, ಅಬ್ಬಾ! ಹುಳಿ, ಉಪ್ಪು, ತಂಪು ಎಲ್ಲ ಒಟ್ಟಿಗೆ ಗಂಟಲಿಳಿದು ಹೊಟ್ಟೆಯವರೆಗೂ ಹೋಯಿತು. ಇಷ್ಟು ವರ್ಷ ಬೇಸಿಗೆಯಲ್ಲಿ ಬಿಸಿ ಸಾರು ಕುಡಿದು ಬೆವರು ಒರೆಸಿಕೊಂಡ ನಮ್ಮ ಜನರ ಮೇಲೆ ನನಗೆ ಅಲ್ಲೇ ತಾತ್ಸಾರ ಹುಟ್ಟಿತು.

ಹೇಗೆ ಮಾಡುವುದು ಎಂದು ಬಟ್ಲರ್ ತಾತನನ್ನು ಕೇಳಿದೆ. ಉಪ್ಪುನೀರಲ್ಲಿ ಬೇಯಿಸಿ, ಬಸಿದು, ತಣ್ಣೀರಲ್ಲಿ ಜಾಲಿಸಿ, ಎಣ್ಣೆ ಸವರಿ, ತರಕಾರಿ ಹೆಚ್ಚಿ ಹಾಕಿ ಎಂದರು. ಕೊನೆಗೆ, "ಕೊಂಜಂ ಕಾಡಿ ಊತ್ತಿ ಕಲಕ್ಕಿಡು," ಎಂದರು. ಸ್ವಲ್ಪ ಕಾಡಿ ಹುಯ್ದು ಕಲಸಿಬಿಡು ಎಂದು. ನಾನು ಎಲ್ಲ ತಿಳಿದವಳಂತೆ ತಲೆಯಾಡಿಸಿದೆ. ನಾನು ಕೆಲಸ ಮುಗಿಸಿ ಹೊರಟ ದಿನ ದೊರೆಸಾನಿ ಒಂದು ಪೊಟ್ಟಣ ಮ್ಯಾಕರೋನಿಯನ್ನು ಉಡುಗೊರೆಯಾಗಿ ಕೊಟ್ಟರು. ಅದನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು ಬಂದವರಿಗೆಲ್ಲ ತೋರಿಸಿದೆ.

ಅದನ್ನು ನಾನೇ ಬೇಯಿಸಿಕೊಂಡು ತಿಂದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅದೇ ಏಪ್ರಿಲ್‌ನಲ್ಲಿ ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು. ನಮಗೆ ಅಪ್ಪ ಇರಲಿಲ್ಲ. ಅಮ್ಮ ಬೂದಿಕೋಟೆಯಲ್ಲಿ ತುಂಡು ಹೊಲ ಮಾಡಿಸಿಕೊಂಡು, ಹಸು ಕಟ್ಟಿಕೊಂಡು ತಂಗಿಯನ್ನು ಸಾಕಿದ್ದಳು. ಆಗಲೇ ಮೂರು ಕಡೆಯವರು ಬಂದು, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆಂದು ಹೇಳಿ ಹೋದವರು ತಿಳಿಸಿರಲಿಲ್ಲ. ಈಗಿನ ಹುಡುಗ ಬಂಗಾರಪೇಟೆಯವನು, ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಕೆಲಸ. ಮನೆಯಲ್ಲಿ ತಾಯಿ, ನಾಲ್ಕು ಎಮ್ಮೆ, ಹಾಲಿನ ವ್ಯಾಪಾರ. ತಂಗಿ ಇವನನ್ನು ಯಾರದೋ ಮದುವೆಯಲ್ಲಿ ಕಂಡಿದ್ದಳಂತೆ. ಯಾವತ್ತೂ ಏನನ್ನೂ ಕೇಳದ ಹುಡುಗಿ ನನ್ನ ಕಿವಿಯಲ್ಲಿ, "ಅಕ್ಕಾ, ಇದೊಂದು ಆಗೋ ಅಂಗೆ ಮಾಡು," ಎಂದಿದ್ದಳು. ಆಗೋ ಹಾಗೆ ಮಾಡುವ ಕೆಲಸವನ್ನು ಪಾಪ, ಯಾರಿಗೆ ಒಪ್ಪಿಸಿದಳು ನೋಡಿ.

ನೋಡುವ ಶಾಸ್ತ್ರ ನಮ್ಮ ಮನೆಯಲ್ಲೇ ಆಗಲಿ ಎಂದು ಹಠ ಹಿಡಿದವಳು ನಾನೇ. ಹಿಂದಿನ ದಿನ ಅಮ್ಮ, ತಂಗಿ ಇಬ್ಬರೂ ಬಂಗಾರಪೇಟೆವರೆಗೆ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ಬಂದಿಳಿದರು. ಅಮ್ಮನ ಗಂಟಿನಲ್ಲಿ ರವೆ ಇತ್ತು.

"ಉಪ್ಪಿಟ್ಟು, ಕೇಸರಿಬಾತು ಮಾಡಾನ ಕಣೇ. ಎಲ್ರೂ ಮಾಡೋದೇ ಅದು," ಎಂದಳು ಅಮ್ಮ.

"ಮೂರು ಸಲ ಉಪ್ಪಿಟ್ಟು ಇಕ್ಕಿ ಏನಾಯ್ತು?" ಎಂದೆ. ಅಮ್ಮ ರವೆಯ ಗಂಟನ್ನು ಮತ್ತೆ ಕಟ್ಟಿಟ್ಟಳು. ನಾನು ಗೆದ್ದೆನೆಂದು ಬೀಗಿದೆ.

ಪೊಟ್ಟಣ ಬಿಚ್ಚಿ ತೋರಿಸಿದಾಗ ಅಮ್ಮ ಒಂದು ಕೊಳವೆ ಎತ್ತಿ ಕಣ್ಣಿಗಿಟ್ಟುಕೊಂಡು, "ಒಳ್ಗಡೆ ಏನೂ ಇಲ್ವಲ್ಲೇ!" ಎಂದಳು. ನನ್ನ ವಿಷಯಕ್ಕೂ ಆ ಮಾತು ಒಪ್ಪುತ್ತಿತ್ತು. ಆಗ ತಿಳಿಯಲಿಲ್ಲ.

ಇನ್ನು ಕಾಡಿಯ ಕಥೆ. ನಮ್ಮ ಸಾಲಿನ ಕೊನೆಯ ಮನೆಯ ತಮಿಳು ಹೆಂಗಸು ಎಮ್ಮೆ ಸಾಕಿದ್ದಳು. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ಮಿಕ್ಕಿದ್ದು ಮೆತ್ತಿದ್ದು ಎಲ್ಲವನ್ನೂ ಒಂದು ಬಾನಿಗೆ ಸುರಿದು, ಹುಳಿಬಂದ ಮೇಲೆ ಎಮ್ಮೆಗೆ ಇಡುತ್ತಿದ್ದಳು. ನಮ್ಮ ಕಡೆ ಕಲಗಚ್ಚು ಎನ್ನುವುದಕ್ಕೆ ಅವಳು ಕಾಡಿ ಎನ್ನುತ್ತಿದ್ದಳು. ಹಾಗಾಗಿ ದೊರೆಗಳ ಅಡುಗೆಗೂ ಬೀಳುವುದು ಅದೇ ಎಂದು ನಾನು ತೀರ್ಮಾನ ಮಾಡಿದೆ. ಬಟ್ಲರ್ ತಾತ ಹೇಳಿದ್ದು ಬಾಟಲಿಯಲ್ಲಿ ಬರುವ ವಿನಿಗರ್, ಅದಕ್ಕೂ ತಮಿಳಿನಲ್ಲಿ ಕಾಡಿ ಎಂದೇ ಹೆಸರು ಎನ್ನುವುದು ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಆ ತಾತ ಬಾಟಲಿ ತೋರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕೆಮ್ಮು ಬಂದು ಕೂತುಬಿಟ್ಟರು. ಬಂಗಲೆ ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಹೋಗಿ ಒಂದು ಮಾತು ಕೇಳಬಹುದಿತ್ತು. ತಮಿಳು ಬರುತ್ತದೆಂದು ಊರೆಲ್ಲ ಸಾರಿದವಳು ಹೇಗೆ ಕೇಳಲಿ?

ಹಾಗೆಂದು ಎಮ್ಮೆಯ ಬಾನಿಯಿಂದ ತರುವಷ್ಟು ದಡ್ಡಿ ನಾನಲ್ಲ. ಒಳ್ಳೆಯ ಅಕ್ಕಿಯ ಗಂಜಿಯನ್ನೇ ಬಸಿದು, ಹೊಸ ಮಡಕೆಯಲ್ಲಿ ಮೂರು ದಿನ ಮುಚ್ಚಿಟ್ಟೆ. ತಗಡಿನ ಮಾಡಿನ ಕೆಳಗೆ, ಏಪ್ರಿಲ್ ಬಿಸಿಲಿಗೆ, ಅದು ಚೆನ್ನಾಗಿಯೇ ಹುಳಿಯಿತು. ಬೆಳಗ್ಗೆ ಎದ್ದು ಮ್ಯಾಕರೋನಿ ಬೇಯಿಸಿ ಬಸಿದೆ. ಕಡಲೆಕಾಯಿ ಎಣ್ಣೆ ಸವರಿ, ಟೊಮೇಟೊ, ಸೌತೆಕಾಯಿ, ಈರುಳ್ಳಿ ಹಾಕಿ, ಎರಡು ಸೌಟು ಕಾಡಿ ಹುಯ್ದೆ. ಸೋಡಾ ಅಂಗಡಿಯಿಂದ ಐಸು ತರಿಸಿ, ಗೋಣಿಚೀಲ ಸುತ್ತಿ, ಅದರ ಮೇಲೆ ಪಾತ್ರೆ ಕೂರಿಸಿದೆ. ಗಂಡನಿಗೆ ಒಂದು ಚಮಚ ಕೊಟ್ಟು ಹೇಗಿದೆ ಎಂದೆ. ಅವರು ನುಂಗಿ, ಗೋಡೆ ನೋಡಿ, "ಹೊಸದಾಗಿದೆ," ಎಂದರು. ಮದುವೆಯಾಗಿ ಆರು ವರ್ಷವಾಗಿತ್ತು, ನನ್ನ ಹತ್ತಿರ ಹೇಗೆ ಬದುಕಬೇಕೆಂದು ಅವರಿಗೆ ಗೊತ್ತಿತ್ತು. ನನ್ನ ಮೂಗಿಗೂ ಏನೋ ಬಡಿಯಿತು, ಸುಳ್ಳು ಹೇಳುವುದಿಲ್ಲ. ದೊರೆಗಳ ವಾಸನೆ ಹೀಗೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ತಂಗಿಗೆ ಸೀರೆ ಉಡಿಸುತ್ತ ಪಾಠ ಬೇರೆ ಹೇಳಿದೆ. "ಓಗು ಅನ್ಬೇಡ, ಹೋಗು ಅನ್ನು. ಬತ್ತೀನಿ ಅನ್ಬೇಡ, ಬರ್ತೀನಿ ಅನ್ನು. ಬೇಡ ಬಿಡು, ನೀನು ಬಾಯೇ ಬಿಡ್ಬೇಡ. ಮಾತೆಲ್ಲ ನಾನು ಆಡ್ತೀನಿ."

"ಊಂ ಕಣಕ್ಕ," ಎಂದಳು.

ಮಧ್ಯಾಹ್ನದ ರೈಲಿಗೆ ಹುಡುಗ, ಅವನ ತಾಯಿ, ಸೋದರಮಾವ ಮೂವರು ಬಂದರು. ತಾಯಿ ಗಟ್ಟಿ ಹೆಂಗಸು, ಹಾಲು ಕರೆದು ಕರೆದು ಮೊಣಕೈವರೆಗೆ ನರ ಎದ್ದು ಕಾಣುತ್ತಿತ್ತು. ಹುಡುಗಿ ಬಂದು ನಮಸ್ಕಾರ ಮಾಡಿ ಒಳಬಾಗಿಲಲ್ಲಿ ಕೂತಳು. ಆ ತಾಯಿ ಅವಳನ್ನು ನೋಡಿದ ನೋಟದಲ್ಲಿ ತಕರಾರು ಕಾಣಲಿಲ್ಲ. ಹುಡುಗನಂತೂ ಮೊದಲು ಕತ್ತು ಎತ್ತಲೇ ಇಲ್ಲ, ಎತ್ತಿದ ಮೇಲೆ ಇಳಿಸಲಿಲ್ಲ. ಅಷ್ಟಕ್ಕೇ ಉಪ್ಪಿಟ್ಟು ಕೊಟ್ಟು ಕಳಿಸಿದ್ದರೆ ಸಾಕಿತ್ತು. ನಾನು ಬಿಡುವವಳೇ? ಎರವಲು ತಂದ ಪಿಂಗಾಣಿ ತಟ್ಟೆಗಳಲ್ಲಿ ಮ್ಯಾಕರೋನಿ ಬಡಿಸಿ, ತಲೆಯೆತ್ತಿಕೊಂಡು ತಂದಿಟ್ಟೆ.

ಸೋದರಮಾವ ಒಂದನ್ನು ಬೆರಳಲ್ಲಿ ಹಿಡಿದು, "ಇದ್ರಲ್ಲಿ ತೂತೈತಲ್ಲಮ್ಮ," ಎಂದ. ಬಾಯಿಗೆ ಹಾಕಿಕೊಂಡ. ಅಗಿಯುವುದನ್ನು ನಿಲ್ಲಿಸಿದ. ನುಂಗುವುದೋ ಉಗಿಯುವುದೋ ತಿಳಿಯದೆ ನನ್ನ ಗಂಡನ ಮುಖ ನೋಡಿದ. ಗಂಡ ಮತ್ತೆ ಗೋಡೆ ನೋಡಿದರು.

ತಾಯಿ ತಟ್ಟೆಗೆ ಕೈ ಇಟ್ಟವಳು, "ಇದೇನಮ್ಮ, ಆರೋಗೈತೆ?" ಎಂದಳು.

"ಇಲ್ಲಮ್ಮ, ಇದನ್ನ ತಣ್ಣಗೇ ತಿನ್ನೋದು. ಇಟಲಿ ದೊರೆಗಳು ಬೇಸಿಗೇಲಿ ಹೀಗೇ ತಿನ್ನೋದು," ಎಂದೆ, ಹಕಾರವನ್ನು ಒತ್ತಿ.

ಅವಳು ತಟ್ಟೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಮೂವತ್ತು ವರ್ಷ ಎಮ್ಮೆ ಸಾಕಿದ ಮೂಗು. ಅದಕ್ಕೆ ಒಂದು ಉಸಿರು ಸಾಕಾಯಿತು.

"ಅಯ್ಯೋ ನನ್ನ ಶಿವನೇ! ಇದು ಕಲಗಚ್ಚು ಕಣ್ರೋ!" ಎಂದು ತಟ್ಟೆಯನ್ನು ಕೆಳಗಿಟ್ಟಳು. "ನಾನು ಬೆಳಗಾಗೆದ್ದು ಎಮ್ಮೆಗೆ ಇಕ್ಕಿ ಬಂದಿರೋದ ನಂಗೇ ಇಕ್ಕವ್ರೆ! ಗಂಡಿನ ಕಡೆಯೋರ್ಗೆ ತಂಗಳು ಇಕ್ಕಾದಾ? ಅಪ್ಪ ಇಲ್ದಿರೋ ಮನೆ, ಬುದ್ಧಿ ಯೋಳೋರು ಯಾರವ್ರೆ ಇಲ್ಲಿ? ಏಳ್ರೋ, ಓಗಾನ."

ನಮ್ಮ ಅಮ್ಮ ನಿಂತಲ್ಲೇ ಗೋಡೆ ಹಿಡಿದುಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಾತೆಲ್ಲ ನಾನೇ ಆಡುತ್ತೇನೆ ಎಂದಿದ್ದೆನಲ್ಲ, ಮೆಲ್ಲಗೆ ಗಂಡನ ಬೆನ್ನ ಹಿಂದೆ ಸರಿದೆ. ಬಂದವರು ಎದ್ದರು. ಆ ತಾಯಿ ಬಾಗಿಲು ದಾಟಿ ಒಂದು ಕಾಲಿಗೆ ಚಪ್ಪಲಿಯನ್ನೂ ಮೆಟ್ಟಿದಳು.

ಆಗ ತಂಗಿ ಎದ್ದು ಬಂದಳು. ಆ ತಾಯಿ ಬಿಟ್ಟುಹೋದ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕೈಯಲ್ಲಿ ಎತ್ತಿ ತಿನ್ನತೊಡಗಿದಳು. ನೋಡಲು ಬಂದವರ ಮುಂದೆ ಹುಡುಗಿ ಹಾಗೆ ಕೂತು ತಿನ್ನುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅರ್ಧ ತಟ್ಟೆ ಆದ ಮೇಲೆ ತಲೆಯೆತ್ತಿದಳು.

"ನಮ್ಮಕ್ಕ ಮೂರು ದಿನದಿಂದ ನಿದ್ದೆಗೆಟ್ಟು ಮಾಡವ್ಳೆ ಅಮ್ಮ. ನಿಮ್ಗೆ ಅವಮಾನ ಮಾಡಕ್ಕಲ್ಲ, ನೀವು ಬತ್ತೀರಿ ಅನ್ನೋ ಖುಷಿಗೆ. ಏನೋ ತಪ್ಪೋಗೈತೆ. ನಿಮ್ಗೆ ಸೇರಲ್ಲ ಅಂದ್ರೆ ತಿನ್ಬೇಡಿ, ನಂಗೆ ಸೇರ್ತೈತೆ. ನಮ್ಮಪ್ಪ ಇದ್ದಿದ್ರೂ ನಮ್ಮಕ್ಕನ್ನ ಬಯ್ತಿರ್ಲಿಲ್ಲ. ರೈಲಿಗೆ ಒತ್ತಾಗ್ತೈತೆ, ಓಗ್ಬಿಟ್ಟು ಬನ್ನಿ."

ನಾನು ಹೇಳಿಕೊಟ್ಟ ಒಂದು ಹಕಾರವೂ ಅದರಲ್ಲಿರಲಿಲ್ಲ. ಅವಳಿಗೆ ಬೇಕಾಗಿದ್ದ ಹುಡುಗ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನ ಕಡೆ ನೋಡದೆ, ತಟ್ಟೆಯಲ್ಲಿ ಒಂದು ಕೊಳವೆಯೂ ಉಳಿಯದ ಹಾಗೆ ತಿಂದು ಮುಗಿಸಿದಳು.

"ಅಮ್ಮಾ," ಎಂದ ಹುಡುಗ ಮೆಲ್ಲಗೆ. "ಕೂತ್ಕಳಮ್ಮ."

ಆ ತಾಯಿ ಒಂಟಿ ಚಪ್ಪಲಿಯಲ್ಲಿ ನಿಂತು ಖಾಲಿ ತಟ್ಟೆ ನೋಡಿದಳು, ತಂಗಿಯ ಮುಖ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ನಮ್ಮ ಅಮ್ಮನ ಕಡೆ ತಿರುಗಿದಳು.

"ಏನ್ ಬೀಗಿತಿ, ಒಂದ್ ಲೋಟ ಮಜ್ಜಿಗೆನಾದ್ರೂ ಕೊಡ್ತೀಯೋ ಇಲ್ವೋ?"

ಬೀಗಿತಿ ಎಂದಳು! ಹೆಣ್ಣು ಗಂಡಿನ ತಾಯಂದಿರು ಒಪ್ಪಿಗೆಯಾಗದೆ ಒಬ್ಬರನ್ನೊಬ್ಬರು ಹಾಗೆ ಕರೆಯುವುದಿಲ್ಲ. ಅಮ್ಮ, ತಾನು ಕೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯದೆ ನನ್ನನ್ನು ನೋಡಿದಳು. ಹುಡುಗನ ತಾಯಿ ಮಜ್ಜಿಗೆ ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಎಮ್ಮೆ ಮುಸುರೆ ತಿಂದು ಅಕ್ಕನ ಮಾನ ಕಾಯ್ದೋಳು ನಾಳೆ ನನ್ನ ಮಾನ ಬಿಟ್ಕೊಡ್ತಾಳಾ? ನಂಗೆ ಈ ಉಡ್ಗಿ ಬೇಕು," ಎಂದಳು. ನನ್ನ ಕಡೆ ನೋಡಿ, "ಮದ್ವೆ ದಿನ ನೀನು ಮಾತ್ರ ಒಲೆ ತಾವ ಬರ್ಬೇಡ ತಾಯಿ," ಎಂದು ಕೈಮುಗಿದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನನ್ನ ಗಂಡ ನಕ್ಕರು.

ಅವರನ್ನು ಸ್ಟೇಷನ್ನಿಗೆ ಬಿಡಲು ಗಂಡ ಹೊರಟರು. ಬೀದಿ ತಿರುಗುವವರೆಗೆ ಬಾಗಿಲಲ್ಲಿ ನಿಂತು, ಒಳಗೆ ಬಂದಾಗ ನನಗೆ ಆಗಲೇ ಸ್ವಲ್ಪ ಜಂಬ ವಾಪಸು ಬರುತ್ತಿತ್ತು. ಏನಾದರಾಗಲಿ, ನನ್ನ ಅಡುಗೆಯಿಂದಲೇ ತಾನೇ ಸಂಬಂಧ ಕುದುರಿದ್ದು ಎಂದು ಹೇಳಲು ತಂಗಿಯನ್ನು ಹುಡುಕಿದೆ.

ಅವಳು ಹಿತ್ತಲಲ್ಲಿ ಚರಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದಳು. ನಾನು ಉಡಿಸಿದ ರೇಷ್ಮೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡಿದ್ದಳು. ಓಡಿ ಹೋಗಿ ಅವಳ ಹಣೆ ಹಿಡಿದುಕೊಂಡೆ. ಹೊಟ್ಟೆಯಲ್ಲಿದ್ದದ್ದೆಲ್ಲ ಹೋದ ಮೇಲೆ ಚೊಂಬಿನ ನೀರಲ್ಲಿ ಬಾಯಿ ಮುಕ್ಕಳಿಸಿ ಉಸಿರು ಬಿಟ್ಟಳು.

"ಬಾಯಿಗಿಟ್ ತಕ್ಷಣಾನೇ ಬಂದ್ಬಿಟ್ಟಿತ್ತು ಕಣಕ್ಕ. ಅವ್ರ ಮುಂದೆ ಕಕ್ಬಿಟ್ರೆ ಅಕ್ಕನ ಮಖಕ್ಕೆ ಉಗ್ದಂಗೆ ಆಗ್ತೈತಲ್ಲ ಅಂತ ಅಲ್ಲು ಕಚ್ಕಂಡು ಕೂತಿದ್ದೆ."

"ಹುಡುಗ ಕೈ ಬಿಟ್ಟು ಹೋಗಿದ್ದಿದ್ರೆ ಏನೇ ಮಾಡ್ತಿದ್ದೆ?" ಎಂದೆ.

"ಅದ್ರ ಗ್ಯಾನವೇ ಬರ್ಲಿಲ್ಲ," ಎಂದಳು.

ಅವಳಿಗಿಂತ ಆರು ವರ್ಷ ದೊಡ್ಡವಳು ನಾನು. ನಾಚಿಕೆಯಿಂದ ಅಲ್ಲೇ ಚರಂಡಿಯ ಕಲ್ಲಿನ ಮೇಲೆ ಕೂತು ಗೊಳೋ ಎಂದು ಅತ್ತೆ. ತಂಗಿ ಒದ್ದೆ ಕೈಯಲ್ಲೇ ನನ್ನ ಕಣ್ಣು ಒರೆಸಿ, ಎದ್ದು ಒಳಗೆ ಹೋಗಿ, ಎರವಲು ತಂದಿದ್ದ ತಟ್ಟೆಗಳನ್ನು ತೊಳೆಯಲು ಕೂತಳು.